ಮೊದಲ ಹಾಯಿಹಡಗಿನ ಕಿಟ್: ಪೆಟ್ಟಿಗೆಯ ಚಿತ್ರ ನೋಡುವ ಮುನ್ನ ಎಣಿಸಬೇಕಾದ್ದು, ಅಳೆಯಬೇಕಾದ್ದು

ಮಾದರಿ ಹಾಯಿಹಡಗು ಕಟ್ಟಬೇಕೆಂದು ಹೊರಟವರ ಕಣ್ಣು ಮೊದಲು ಬೀಳುವುದು ಸಾಮಾನ್ಯವಾಗಿ ಎಚ್‌ಎಂಎಸ್ ವಿಕ್ಟರಿ ಮೇಲೆ. ಹಾಯಿ ಕಟ್ಟುವ ಮೂರು ಕೂವೆಮರ, 104 ಫಿರಂಗಿ, ಹಿಂಬದಿಯಲ್ಲಿ ಸಾಲುಸಾಲು ಕಿಟಕಿ. 1765ರಲ್ಲಿ ನೀರಿಗಿಳಿದ ಆ ಹಡಗು ಈಗಲೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದೆ. ಅದರ ಹಗ್ಗಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದರೆ ಸುಮಾರು 42 ಕಿ.ಮೀ. ಆಗುತ್ತದೆ, ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಹೊರಟರೆ ಬಿಡದಿ ದಾಟಿಯೂ ಉಳಿಯುವಷ್ಟು. ಕಿಟ್‌ನಲ್ಲಿ ಅಷ್ಟು ಹಗ್ಗವಿರುವುದಿಲ್ಲ, ಆದರೆ ಅದರ ಜಾಡು ಹಾಗೇ ಇರುತ್ತದೆ. ಅರ್ಧಕ್ಕೆ ನಿಂತು ಅಟ್ಟ ಸೇರುವ ಹಡಗುಗಳು ಹೆಚ್ಚಾಗಿ ಇಂಥವೇ.

ಹಡಗು ಕಟ್ಟುವ ಕೆಲಸದಲ್ಲಿ ಒಂದೊಂದು ಹೆಜ್ಜೆಯೂ ಅಷ್ಟೇನೂ ಕಠಿಣವಲ್ಲ. ಪಟ್ಟಿ ಬಗ್ಗಿಸುವುದು, ತೂತು ಕೊರೆಯುವುದು, ಗಂಟು ಹಾಕುವುದು ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಜನ ಸೋಲುವುದು ಅದೇ ಕೆಲಸವನ್ನು ನೂರಾರು ಸಲ ಮಾಡಬೇಕಾಗಿ ಬಂದಾಗ. ಹಾಗಾಗಿ ಮೊದಲ ಕಿಟ್ ಆರಿಸುವಾಗ ಚಂದ ಆಮೇಲೆ, ಎಣಿಕೆ ಮೊದಲು.

ಮೊದಲ ಹೆಜ್ಜೆ: ಎಣಿಸಿ

ಕಿಟ್‌ನ ಪೂರ್ಣಗೊಂಡ ಮಾದರಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಒಂದು ಹಾಳೆಯಲ್ಲಿ ನಾಲ್ಕು ಸಂಖ್ಯೆ ಬರೆದುಕೊಳ್ಳಿ: ಕೂವೆಮರ ಎಷ್ಟು, ಫಿರಂಗಿ ಎಷ್ಟು, ಹಾಯಿ ತೂಗಲು ಕೂವೆಗೆ ಅಡ್ಡಲಾಗಿ ಕಟ್ಟುವ ಅಡ್ಡಮರ ಎಷ್ಟು, ಹಗ್ಗದ ಏಣಿ ಎಷ್ಟು.

ಏಣಿ ಎಂದರೆ ಹಡಗಿನ ಪಕ್ಕದಿಂದ ಕೂವೆಯ ತುದಿಗೆ ಬಿಗಿದ ದಪ್ಪ ಹಗ್ಗಗಳಿಗೆ, ಅಂದರೆ ಶ್ರೌಡ್‌ಗಳಿಗೆ, ಅಡ್ಡಲಾಗಿ ಕಟ್ಟುವ ಮೆಟ್ಟಿಲು. ಹಡಗು ಕಟ್ಟುವವರು ಇದನ್ನು ರ‍್ಯಾಟ್‌ಲೈನ್ ಅನ್ನುತ್ತಾರೆ. ಒಂದೇ ಕೂವೆಯ ಸಣ್ಣ ಹಡಗಿನಲ್ಲಿ ಪಕ್ಕಕ್ಕೆ ನಾಲ್ಕು ಶ್ರೌಡ್, 20 ಮೆಟ್ಟಿಲು ಅಂದುಕೊಳ್ಳಿ: ಒಂದು ಪಕ್ಕಕ್ಕೆ 80 ಗಂಟು, ಎರಡೂ ಸೇರಿ 160. ಗಂಟಿಗೆ ಒಂದು ನಿಮಿಷ ಹಿಡಿದರೂ ಮೂರು ಗಂಟೆಯೊಳಗೆ ಮುಗಿಯಿತು. ಮೂರು ಕೂವೆಯ ಯುದ್ಧಹಡಗಿನಲ್ಲಿ ಕೆಳಗಿನ ಏಣಿಗೇ ಒಂಬತ್ತು ಶ್ರೌಡ್, 30 ಮೆಟ್ಟಿಲು. ಎರಡು ಪಕ್ಕ, ಮೂರು ಕೂವೆ, ಮೇಲೆ ಇನ್ನೊಂದು ಸಾಲು ಏಣಿ. ಲೆಕ್ಕ ಎರಡು ಸಾವಿರ ದಾಟುತ್ತದೆ. ಫಿರಂಗಿಯೂ ಹೀಗೇ. ಎರಡು ಪಕ್ಕದ ಹಲಗೆ, ಎರಡು ಅಚ್ಚು, ನಾಲ್ಕು ಗಾಲಿ, ಒಂದು ನಳಿಗೆ, ಅದನ್ನು ಹಿಡಿದಿಡುವ ಹಗ್ಗ. ಕೆಳ ಡೆಕ್ಕಿನವಕ್ಕೆ ಬರೀ ನಳಿಗೆ ಕೊಟ್ಟಿದ್ದರೂ ಮೇಲಿನವು ಸಾಕಷ್ಟು ಉಳಿಯುತ್ತವೆ.

ಮೊದಲ ಕಿಟ್‌ಗೆ ಮಿತಿ ಹೀಗಿರಲಿ: ಕೂವೆ ಒಂದು, ಹೆಚ್ಚೆಂದರೆ ಎರಡು, ಫಿರಂಗಿ ಇಲ್ಲದಿದ್ದರೆ ಒಳ್ಳೆಯದು, ಇದ್ದರೆ ಹನ್ನೆರಡರೊಳಗೆ, ಅಡ್ಡಮರ ಎರಡು ಮೂರು. ಕೈ ಹೊಸದಾಗಿರುವಾಗ ತೆರೆದ ಸಣ್ಣ ದೋಣಿಗೆ 40ರಿಂದ 60 ಗಂಟೆ ಬೇಕು; ಕಟರ್ ಎಂಬ ಒಂದು ಕೂವೆಯ ಸಣ್ಣ ಹಡಗಿಗೆ 150ರಿಂದ 250; ಮೂರು ಕೂವೆಯ ದೊಡ್ಡ ಹಡಗಿಗೆ ಸಾವಿರಕ್ಕೂ ಹೆಚ್ಚು. ದಿನಕ್ಕೊಂದು ಗಂಟೆ ಕೂತರೂ ಸಾವಿರ ಗಂಟೆ ಎಂದರೆ ಎರಡೂ ಮುಕ್ಕಾಲು ವರ್ಷ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಮನೆ ಸೇರುವವರಿಗೆ ದಿನಕ್ಕೊಂದು ಗಂಟೆ ಎಂಬುದೇ ದೊಡ್ಡ ಮಾತು.

ಎರಡನೆಯದು: ಶೋಕೇಸ್ ಅಳೆಯಿರಿ

ಪೆಟ್ಟಿಗೆಯ ಮೇಲೆ ಉದ್ದ, ಎತ್ತರ, ಅಗಲ ಮೂರೂ ಬರೆದಿರುತ್ತವೆ. ಜನ ಉದ್ದ ಮಾತ್ರ ನೋಡುತ್ತಾರೆ. ಮೈ 35 ಸೆಂ.ಮೀ. ಇರುವ ಕಟರ್ ಮುಂದಕ್ಕೆ ಚಾಚಿದ ಕಂಬ, ಹಾಯಿಯ ಬುಡ ಹಿಡಿದು ಹಿಂದಕ್ಕೆ ಚಾಚಿದ ಬೂಮ್ ಎಂಬ ಮರ ಸೇರಿ 50 ದಾಟುತ್ತದೆ. ಅಡ್ಡಮರಗಳು ಮೈಯ ಅಗಲಕ್ಕಿಂತ ಆಚೆ ಹೋಗುವುದರಿಂದ ಒಂದಡಿ ಆಳದ ಶೋಕೇಸಿನ ಬಾಗಿಲು ಮುಚ್ಚದೆ ಹೋಗುವುದುಂಟು. ಎತ್ತರಕ್ಕಂತೂ ಮಾಮೂಲಿ ಶೋಕೇಸಿನ ಖಾನೆ ಸಾಲುವುದೇ ಕಷ್ಟ.

ಹಳೆಯ ಪೇಪರಿನಲ್ಲಿ ಉದ್ದ-ಎತ್ತರದ ಅಳತೆಗೆ ಒಂದು ತುಂಡು, ಉದ್ದ-ಅಗಲಕ್ಕೆ ಇನ್ನೊಂದು ತುಂಡು ಕತ್ತರಿಸಿ ಜಾಗದಲ್ಲಿ ಇಟ್ಟು ನೋಡಿ. ಸುತ್ತ 5 ಸೆಂ.ಮೀ. ಖಾಲಿ ಉಳಿಯಬೇಕು. ಗಾಜು ಅಥವಾ ಅಕ್ರಿಲಿಕ್ ಮುಚ್ಚಳ ಆಡಂಬರವಲ್ಲ, ಅಗತ್ಯ. ನಮ್ಮ ಊರಿನ ರಸ್ತೆ ಧೂಳು ಹಗ್ಗದ ಮೇಲೆ ಒಂದು ಸಲ ಕೂತು ತೇವ ಹಿಡಿದರೆ ಮತ್ತೆ ಬಿಡುವುದಿಲ್ಲ, ಬ್ರಷ್ ಆಡಿಸಿದರೆ ಹಗ್ಗ ಕೀಳುತ್ತದೆ. ಬಾಡಿಗೆ ಮನೆಯವರು ಇನ್ನೊಂದು ಲೆಕ್ಕ ಹಾಕಬೇಕು: ಆ ಮುಚ್ಚಳದ ಸಮೇತ ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಹಡಗು ಮನೆ ಬದಲಿಸುವಾಗ ಉಳಿಯುತ್ತದೆ, ಲಾರಿಯಲ್ಲಿ ಹೋಗಬೇಕಾದ್ದು ಉಳಿಯುವುದು ಅಪರೂಪ.

ಮೂರನೆಯದು: ಮೈ ಯಾವ ಬಗೆಯದು

ಮರದ ಕಿಟ್‌ಗಳಲ್ಲಿ ಮೂರು ಬಗೆ ಎದುರಾಗುತ್ತವೆ. ಒಂದು, ಮರದ ದಿಮ್ಮಿಯನ್ನೇ ಹಡಗಿನ ಆಕಾರಕ್ಕೆ ಕೆತ್ತಿ ಕೊಟ್ಟಿರುವ ಗಟ್ಟಿ ಮೈ. ಉಜ್ಜಿ ಸರಿಪಡಿಸಿ ಬಣ್ಣ ಹಚ್ಚುವುದಷ್ಟೇ ನಿಮ್ಮ ಪಾಲು. ಇನ್ನೊಂದು, ನಿಜವಾದ ಹಡಗಿನಂತೆಯೇ ಪಕ್ಕೆಲುಬುಗಳನ್ನು ಒತ್ತೊತ್ತಾಗಿ ನಿಲ್ಲಿಸುವ ಪ್ಲ್ಯಾಂಕ್ ಆನ್ ಫ್ರೇಮ್; ಅದನ್ನು ಈಗ ಮರೆತುಬಿಡಿ. ಬಹುಪಾಲು ಕಿಟ್‌ಗಳು ನಡುವಿನ ಬಗೆ, ಪ್ಲ್ಯಾಂಕ್ ಆನ್ ಬಲ್ಕ್‌ಹೆಡ್: ಪ್ಲೈವುಡ್ಡಿನ ಬೆನ್ನೆಲುಬು, ಅದರ ಗಾಡಿಗಳಲ್ಲಿ, ಅಂದರೆ ಕೊರೆದ ಸೀಳುಗಳಲ್ಲಿ, ಕೂರುವ ಅಡ್ಡ ತುಂಡುಗಳು, ಅವುಗಳ ಮೇಲೆ ಮರದ ಪಟ್ಟಿ.

ಪಟ್ಟಿ ಒಂದು ಪದರವೋ ಎರಡೋ ಎಂಬುದು ಹೊಸಬರಿಗೆ ತುಂಬ ಮುಖ್ಯ. ಎರಡು ಪದರದ ಕಿಟ್‌ನಲ್ಲಿ ಮೊದಲು 1.5 ಮಿ.ಮೀ. ದಪ್ಪದ ಮೆತ್ತಗಿನ ಮರ, ಅದರ ಮೇಲೆ ಅರ್ಧದಿಂದ ಒಂದು ಮಿ.ಮೀ. ದಪ್ಪದ ಚಂದದ ಮರ. ಮೊದಲ ಪದರದಲ್ಲಿ ಸಂದು ಬಿಟ್ಟರೆ, ಉಬ್ಬಿದರೆ, ತಗ್ಗಿದರೆ ಪುಟ್ಟಿ ತುಂಬಿ ಉಜ್ಜಿಬಿಡಬಹುದು; ಎರಡನೆಯದು ಎಲ್ಲವನ್ನೂ ಮುಚ್ಚುತ್ತದೆ. ಒಂದೇ ಪದರದಲ್ಲಿ ತಪ್ಪು ಹೊರಗೇ ಕಾಣುತ್ತದೆ, ಬಣ್ಣ ಬಳಿಯುವ ಹಡಗಾದರೆ ಮಾತ್ರ ಪರವಾಗಿಲ್ಲ. ಮರದ ಬಣ್ಣವೇ ಕಾಣಬೇಕೆಂಬ ಆಸೆಯಿದ್ದರೆ ಎರಡು ಪದರದ್ದೇ ಕೊಳ್ಳಿ.

ಅಡ್ಡ ತುಂಡುಗಳ ನಡುವಿನ ಅಂತರವನ್ನೂ ನೋಡಿ. ಅರ್ಧ ಮೀಟರಿನೊಳಗಿನ ಮಾದರಿಯಲ್ಲಿ ಅಂತರ 40 ಮಿ.ಮೀ. ದಾಟಿದರೆ ಪಟ್ಟಿ ನಡುವೆ ಚಪ್ಪಟೆಯಾಗಿ, ಉಜ್ಜಿದ ಮೇಲೆ ಹಸಿದ ಹಸುವಿನ ಪಕ್ಕೆಯಂತೆ ಏಣುಗಳು ಕಾಣುತ್ತವೆ.

ನಾಲ್ಕನೆಯದು: ದಾರ ಹಿಡಿದು ಮೂತಿ ಅಳೆಯಿರಿ

ಪಟ್ಟಿ ಹೊದಿಸುವಾಗ ಕೈಕೊಡುವ ಜಾಗ ಮೂತಿ. ಹಡಗಿನ ನಡುವೆ ಮೈ ದುಂಡಗೆ ಅಗಲವಾಗಿರುತ್ತದೆ, ಮೂತಿಯ ಬಳಿ ಸಂಕುಚಿತವಾಗುತ್ತದೆ. ಪಟ್ಟಿಯ ಸಂಖ್ಯೆ ಎರಡೂ ಕಡೆ ಒಂದೇ ಆದ್ದರಿಂದ ಪ್ರತಿ ಪಟ್ಟಿಯನ್ನೂ ಮೂತಿಯ ಕಡೆಗೆ ಸಣ್ಣಗೆ ಮಾಡುತ್ತ ಹೋಗಬೇಕು. ಇದನ್ನು ಮಾಡದೆ ಪೂರ್ತಿ ಅಗಲದ ಪಟ್ಟಿಯನ್ನೇ ಅಂಟಿಸಿದರೆ ಏಳೆಂಟು ಸಾಲು ಆದಮೇಲೆ ಪಟ್ಟಿಗಳು ಒಂದರ ಮೇಲೊಂದು ಹತ್ತುತ್ತವೆ. ಆಗ ಅವನ್ನು ಒತ್ತಾಯದಿಂದ ಪಕ್ಕಕ್ಕೆ ತಿರುಗಿಸಹೋದರೆ ಅಂಚು ಏಳುತ್ತದೆ. ಮರ ಚಪ್ಪಟೆ ಬದಿಗೆ ಸಲೀಸಾಗಿ ಬಗ್ಗುತ್ತದೆ, ಅಂಚಿನ ಬದಿಗೆ ಬಗ್ಗಲು ಒಪ್ಪುವುದಿಲ್ಲ.

ಎಷ್ಟು ಸಣ್ಣಗೆ ಮಾಡಬಹುದು? ಪಟ್ಟಿಯ ಅರ್ಧ ಅಗಲಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ತುದಿ ಸೀಳುತ್ತದೆ, ಮೊಳೆಯೂ ಹಿಡಿಯುವುದಿಲ್ಲ. ಉದಾಹರಣೆಗೆ ಪಟ್ಟಿ 5 ಮಿ.ಮೀ., ನಡುವಿನ ಅಡ್ಡ ತುಂಡಿನ ಸುತ್ತಳತೆ ಡೆಕ್‌ನಿಂದ ಕೆಳಗಿನ ಬೆನ್ನೆಲುಬಿನವರೆಗೆ 75 ಮಿ.ಮೀ.; ಅಂದರೆ 15 ಪಟ್ಟಿ. ಮೂತಿಯ ಬಳಿ ಅದೇ ಅಳತೆ 45 ಮಿ.ಮೀ. ಇದ್ದರೆ ಪ್ರತಿ ಪಟ್ಟಿ 3 ಮಿ.ಮೀ.ಗೆ ಇಳಿಯಬೇಕು, ನಡೆಯುತ್ತದೆ. 33 ಮಿ.ಮೀ. ಮಾತ್ರ ಇದ್ದರೆ 2.2ಕ್ಕೆ ಇಳಿಯಬೇಕು, ನಡೆಯುವುದಿಲ್ಲ. ಆಗ ಎರಡು ಪಟ್ಟಿ ಒಂದಾಗುವಂತೆ ತುಂಡು ಕೂರಿಸುವ ಕಸರತ್ತು ಬೇಕು. ಮೊದಲ ಹಡಗಿನಲ್ಲಿ ಅದು ಬೇಡ.

ಈ ಪರೀಕ್ಷೆಯನ್ನು ಕೊಳ್ಳುವ ಮೊದಲೇ ಮಾಡಬಹುದು. ಬಹಳಷ್ಟು ತಯಾರಕರು ಕೈಪಿಡಿಯ ಪಿಡಿಎಫ್ಅನ್ನು ತಮ್ಮ ತಾಣದಲ್ಲೇ ಇಟ್ಟಿರುತ್ತಾರೆ. ಅದರಲ್ಲಿ ಅಡ್ಡ ತುಂಡುಗಳ ಚಿತ್ರವಿರುವ ಪುಟ ಮುದ್ರಿಸಿ, ನಡುವಿನ ತುಂಡಿನ ಅಂಚಿನ ಮೇಲೆ ದಾರ ಹಾಸಿ ಅಳೆಯಿರಿ, ಮೂತಿಯ ಮೊದಲ ತುಂಡನ್ನೂ ಅಳೆಯಿರಿ. ಅಳತೆ ನಿಜಗಾತ್ರದ್ದಾಗಿರಬೇಕಿಲ್ಲ, ಎರಡೂ ಒಂದೇ ಪ್ರಮಾಣದಲ್ಲಿದ್ದರೆ ಸಾಕು. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಆ ಹಡಗು ಹೊಸ ಕೈಗೆ ಒಲಿಯುತ್ತದೆ. ಇದರ ಜೊತೆಗೆ ಮೇಲಿನಿಂದ ನೋಡಿದ ನಕ್ಷೆಯಲ್ಲಿ ಮೂತಿ ಚೂಪಾಗಿದೆಯೇ, ಸೇಬಿನ ಕೆನ್ನೆಯಂತೆ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಪಟ್ಟಿಯನ್ನು 15–20 ನಿಮಿಷ ನೀರಲ್ಲಿ ನೆನೆಸಿ ಬಿಸಿ ಕೊಟ್ಟು ಬಗ್ಗಿಸಿದರೂ ಮುರಿಯುವ ಸಾಧ್ಯತೆ ಹೆಚ್ಚು. ಚೂಪು ಮೂತಿಯ ಸ್ಕೂನರ್, ಮೀನುಗಾರಿಕೆ ದೋಣಿಗಳಲ್ಲಿ ಈ ತಾಪತ್ರಯ ಕಡಿಮೆ.

ಐದನೆಯದು: ಸ್ಕೇಲ್

1:48, 1:64, 1:96 ಎಂಬ ವಿಚಿತ್ರ ಸಂಖ್ಯೆಗಳು ಬಂದದ್ದು ಅಡಿ-ಇಂಚಿನ ಲೆಕ್ಕದಿಂದ. ಒಂದು ಅಡಿಗೆ ಕಾಲಿಂಚು ಎಂದರೆ 1:48. ಹದಿನಾರರಲ್ಲಿ ಮೂರು ಭಾಗ ಇಂಚು ಎಂದರೆ 1:64. ಅರೆಕಾಲು ಇಂಚು ಎಂದರೆ 1:96. ಇದನ್ನು ಮನುಷ್ಯನ ಎತ್ತರಕ್ಕೆ ಹೊಂದಿಸಿಕೊಂಡರೆ ಬೇಗ ಅರ್ಥವಾಗುತ್ತದೆ: 165 ಸೆಂ.ಮೀ. ಎತ್ತರದ ನಾವಿಕ 1:24ರಲ್ಲಿ 69 ಮಿ.ಮೀ., 1:64ರಲ್ಲಿ 26, 1:96ರಲ್ಲಿ 17 ಮಿ.ಮೀ. ಆ 17 ಮಿ.ಮೀ. ಮನುಷ್ಯ ಕೈಯಲ್ಲಿ ಹಿಡಿಯುವ ರಾಟೆಯನ್ನು ನೀವು ಇಕ್ಕಳದಲ್ಲಿ ಹಿಡಿದು ಅದರ ತೂತಿಗೆ ದಾರ ಪೋಣಿಸಬೇಕು. ನಲವತ್ತು ದಾಟಿದವರು 1:64ಕ್ಕಿಂತ ಚಿಕ್ಕದಕ್ಕೆ ಹೋಗದಿರುವುದು ಕ್ಷೇಮ.

ಕಿಟ್‌ಗಳ ಸಾಮಾನ್ಯ ದೋಷವೆಂದರೆ ರಾಟೆಗಳು ಸ್ಕೇಲಿಗಿಂತ ದಪ್ಪ. 1:64ರಲ್ಲಿ 3 ಮಿ.ಮೀ. ರಾಟೆ ನಿಜದಲ್ಲಿ 19 ಸೆಂ.ಮೀ.; ಸರಿಯೇ. ಅದೇ ಸ್ಕೇಲಿನಲ್ಲಿ ಎಲ್ಲ ಕಡೆಗೂ 5 ಮಿ.ಮೀ. ಕೊಟ್ಟಿದ್ದರೆ ಅದು 32 ಸೆಂ.ಮೀ. ಆಯಿತು, ಹಗ್ಗದಲ್ಲಿ ತೆಂಗಿನಕಾಯಿ ತೂಗುಹಾಕಿದ ಹಾಗೆ ಕಾಣುತ್ತದೆ. ಹಾಯಿಗೆ ಕೊಡುವ ಬಟ್ಟೆಯೂ ಅಷ್ಟೆ, ಗೋಣಿತಟ್ಟು. ಮೊದಲ ಹಡಗನ್ನು ಹಾಯಿ ಇಲ್ಲದೆ ಬರೀ ಹಗ್ಗದಲ್ಲಿ ಮುಗಿಸಿದರೆ ನಷ್ಟವೇನಿಲ್ಲ.

ಹೆಸರು ಹಿಡಿದು ಹೇಳುವುದಾದರೆ

ಏನೂ ಅನುಭವವಿಲ್ಲದವರಿಗೆ ಅಮೆರಿಕದ ಮಾಡೆಲ್ ಶಿಪ್‌ವೇಸ್‌ನವರ ಮೂರು ದೋಣಿಗಳ ಸರಣಿ ಚೆನ್ನಾಗಿದೆ. ಅನುಭವಿ ಮಾದರಿಕಾರ ಡೇವಿಡ್ ಆಂಟ್ಶರ್ಲ್ ರೂಪಿಸಿದ್ದು. ಮೊದಲು ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ, ಆಮೇಲೆ ನಾರ್ವೇಜಿಯನ್ ಸೇಲಿಂಗ್ ಪ್ರ್ಯಾಮ್, ಕೊನೆಗೆ ಲಾಬ್‌ಸ್ಟರ್ ಸ್ಮ್ಯಾಕ್ ಎಂದು ಕ್ರಮವಾಗಿ ಕಷ್ಟ ಏರುತ್ತದೆ. ಡೋರಿಗೆ ಹಾಯಿಯ ಹಗ್ಗದ ಕೆಲಸವೇ ಇಲ್ಲ; ಪ್ರ್ಯಾಮ್‌ಗೆ ಒಂದು ಕೂವೆ, ಒಂದು ಹಾಯಿ; ಸ್ಮ್ಯಾಕ್‌ಗೆ ಡೆಕ್ಕೂ ಬರುತ್ತದೆ. ಡೋರಿಯನ್ನು ನೋಡಿ ಇದೇನು ಆಟಿಕೆ ಎಂದು ಮೂಗು ಮುರಿಯುವವರಿದ್ದಾರೆ. ಸಣ್ಣದು ಮುಗಿಸಿದವರು ದೊಡ್ಡದನ್ನೂ ಮುಗಿಸುತ್ತಾರೆ.

ಮೊದಲೇ ಹಡಗಿನಂತೆ ಕಾಣುವುದು ಬೇಕೆಂದರೆ ಒಂದು ಕೂವೆಯ ಕಟರ್‌ಗಳು: ಅಮಾಟಿಯವರ ವಿಕ್ಟರಿ ಮಾಡೆಲ್ಸ್ ಸಾಲಿನ ಲೇಡಿ ನೆಲ್ಸನ್, ಕಾಲ್ಡರ್‌ಕ್ರಾಫ್ಟ್‌ನ ಶೆರ್ಬೋರ್ನ್. ಎರಡೂ 1:64, ಎರಡೂ ಎರಡು ಪದರದವು. ಫಿರಂಗಿ ಬೇಡ ಅನ್ನುವವರಿಗೆ ವ್ಯಾನ್‌ಗಾರ್ಡ್ ಮಾಡೆಲ್ಸ್‌ನ ಸ್ಕಾಟ್ಲೆಂಡ್ ಮೀನುಗಾರಿಕೆ ದೋಣಿಗಳು, ಜುಲು ಮತ್ತು ಫೈಫಿ. ಸ್ಪೇನಿನ ಆಕ್ರೆ ಕಂಪನಿಯ ಪೊಲಾರಿಸ್ ಕೂಡ ಹೊಸಬರಿಗೆಂದೇ ಮಾಡಿದ್ದು. ಪಟ್ಟಿ ಹೊದಿಸುವುದಕ್ಕೇ ಹೆದರುವವರಿಗೆ ಮಾಡೆಲ್ ಶಿಪ್‌ವೇಸ್‌ನ ಫ್ಯಾಂಟಮ್ ಇದೆ: ಗಟ್ಟಿ ಮೈ, 1:96, ಎರಡು ಕೂವೆಯ ಸ್ಕೂನರ್.

ಕೈಪಿಡಿ ಓದಿ, ಆಮೇಲೆ ದುಡ್ಡು ಕೊಡಿ

ಪಿಡಿಎಫ್ ಇಳಿಸಿಕೊಂಡು ಮೂರು ಜಾಗ ಹುಡುಕಿ. ಅಡ್ಡ ತುಂಡುಗಳ ಅಂಚನ್ನು ಪಟ್ಟಿ ಕೂರುವಂತೆ ಓರೆಯಾಗಿ ಉಜ್ಜುವುದನ್ನು ಚಿತ್ರ ಸಮೇತ ಹೇಳಿದ್ದಾರೆಯೇ? ಪಟ್ಟಿ ಸಣ್ಣಗೆ ಮಾಡುವ ವಿಧಾನವಿದೆಯೇ, ಇಲ್ಲ ‘ಪಟ್ಟಿ ಹೊದಿಸಿ’ ಎಂದು ಒಂದೇ ಸಾಲಿನಲ್ಲಿ ದಾಟಿಸಿದ್ದಾರೆಯೇ? ಹಗ್ಗಗಳಿಗೆ ಸಂಖ್ಯೆ ಕೊಟ್ಟು, ಯಾವ ದಪ್ಪದ ದಾರ, ಎಲ್ಲಿಂದ ಎಲ್ಲಿಗೆ ಎಂಬ ಯಾದಿ ಇದೆಯೇ? ಮೂರರಲ್ಲಿ ಎರಡು ಇಲ್ಲದಿದ್ದರೆ ಆ ಕಿಟ್ ಎಷ್ಟೇ ಚಂದವಿದ್ದರೂ ಬಿಟ್ಟುಬಿಡಿ. ಇಟಲಿ, ಸ್ಪೇನಿನ ಕೆಲವು ಹಳೆಯ ಕಿಟ್‌ಗಳಲ್ಲಿ ನಕ್ಷೆ ಅದ್ಭುತವಾಗಿರುತ್ತದೆ, ಬರಹ ಮಾತ್ರ ನಾಲ್ಕು ಪುಟ.

ಮರದ ಮಾತು

ನಮ್ಮವರಿಗೆ ಹಡಗು ಎಂದರೆ ತೇಗ. 1817ರಲ್ಲಿ ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಆದರೆ ಮಾದರಿಗೆ ತೇಗ ಸಲ್ಲದು. ಅದರ ರಂಧ್ರಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, 0.2 ಮಿ.ಮೀ.ನ ಗೀರು 1:64ರಲ್ಲಿ 13 ಮಿ.ಮೀ. ಬಿರುಕಾಗಿ ಕಾಣುತ್ತದೆ. ಮಾದರಿಗೆ ಬೇಕಾದ್ದು ಎಳೆ ಬಿಗಿಯಾದ ಮರ: ಬಾಸ್‌ವುಡ್, ಪೇರ್, ಬಾಕ್ಸ್‌ವುಡ್. ಕಿಟ್‌ನಲ್ಲಿ ಕೊಡುವ ವಾಲ್‌ನಟ್ ಕೂಡ ಕೆಲವೊಮ್ಮೆ ಒರಟು, ಬಾಗಿಸುವಾಗ ಸೀಳುತ್ತದೆ. ಒಂದೆರಡು ತುಂಡು ಕಡಿಮೆ ಬಿದ್ದರೆ ಹತ್ತಿರದಲ್ಲೇ ಪರಿಹಾರವಿದೆ: ಚನ್ನಪಟ್ಟಣದ ಬೊಂಬೆ ಮಾಡುವ ಹಾಲೆಮರ. ದಂತದ ಬಣ್ಣ, ನುಣುಪಾದ ಎಳೆ. ಡೆಕ್ಕಿನ ಮೇಲಿನ ಸಣ್ಣಪುಟ್ಟ ತುಂಡುಗಳಿಗೆ ಸೊಗಸಾಗಿ ಒದಗುತ್ತದೆ.

ನಕಲು, ಸುಂಕ

ಪ್ರಸಿದ್ಧ ಯುರೋಪಿಯನ್ ಕಿಟ್‌ನ ಚಿತ್ರವನ್ನೇ ಹಾಕಿ ಐದನೇ ಒಂದು ಬೆಲೆಗೆ ಮಾರುವವರು ಆನ್‌ಲೈನ್‌ನಲ್ಲಿ ತುಂಬ ಇದ್ದಾರೆ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರಿಲ್ಲ, ಕೈಪಿಡಿ ಜೆರಾಕ್ಸ್, ವಿವರದಲ್ಲಿ ಸ್ಕೇಲ್ ಮಾತ್ರ ದೊಡ್ಡದಾಗಿ ಬರೆದಿದ್ದರೆ ನಕಲೆಂದು ತಿಳಿಯಿರಿ. ಬೇರೆಯವರ ಶ್ರಮ ಕದ್ದದ್ದು ಎಂಬುದು ಒಂದು. ಜೊತೆಗೆ, ತುಂಡು ಮುರಿದರೆ ಕೇಳಲು ಯಾರೂ ಇರುವುದಿಲ್ಲ. ಒಳ್ಳೆಯ ತಯಾರಕರು ಕಾಣೆಯಾದ ತುಂಡನ್ನು ಅಂಚೆಯಲ್ಲಿ ಕಳಿಸುತ್ತಾರೆ.

ವಿದೇಶದಿಂದ ನೇರವಾಗಿ ತರಿಸುವುದಾದರೆ ಸುಂಕವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಸ್ಕೇಲ್ ಮಾದರಿಗಳು ಆಟಿಕೆಗಳ ವರ್ಗದಲ್ಲೇ ಬರುತ್ತವೆ. ಆ ವರ್ಗದ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ದರ ಬಜೆಟ್‌ನಲ್ಲಿ ಬದಲಾಗುವುದರಿಂದ ಆರ್ಡರ್ ಹಾಕುವ ದಿನ ಕೊರಿಯರ್‌ನವರಲ್ಲಿ ವಿಚಾರಿಸಿ. ಸುಂಕ ಕಿಟ್‌ನ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ ಬೀಳುತ್ತದೆ. ಅದರ ಮೇಲೆ ಜಿಎಸ್‌ಟಿ. ಕಿಟ್‌ನ ಬೆಲೆಯಷ್ಟೇ ಇನ್ನೊಂದು ಮೊತ್ತ ಬದಿಗಿಟ್ಟು ಹೊರಟರೆ ಕೊರಿಯರ್ ಹುಡುಗ ಬಾಗಿಲಿಗೆ ಬಂದಾಗ ಗಾಬರಿಯಾಗುವುದಿಲ್ಲ. ಭಾರವಿಲ್ಲದ ಸಣ್ಣ ಕಿಟ್ ಆರಿಸಲು ಇದೂ ಒಂದು ಕಾರಣ.

ಉಪಕರಣ: ಸ್ವಲ್ಪವೇ ಸಾಕು

ಎಸ್‌.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತವೆ. ಕೈಯಲ್ಲಿ ತಿರುಗಿಸಿ ತೂತು ಕೊರೆಯುವ ಪಿನ್ ವೈಸ್, 0.5ರಿಂದ 1.2 ಮಿ.ಮೀ. ಬಿಟ್‌ಗಳು (0.5ರದ್ದು ನಾಲ್ಕಾದರೂ ಇರಲಿ, ಮುರಿಯುತ್ತಲೇ ಇರುತ್ತವೆ), ಸಣ್ಣ ಅರಗಳ ಸೆಟ್, ಸ್ಟೀಲ್ ಸ್ಕೇಲ್, ಮೂಲೆಮಟ್ಟ, 11ನೇ ನಂಬರ್ ಬ್ಲೇಡಿನ ಕ್ರಾಫ್ಟ್ ಚಾಕು, ಚೂಪು ಇಕ್ಕಳ ಎರಡು, 120, 180, 240, 400 ನಂಬರಿನ ಸ್ಯಾಂಡ್‌ಪೇಪರ್. ಬಟ್ಟೆ ಕ್ಲಿಪ್ ಮತ್ತು ಬೈಂಡರ್ ಕ್ಲಿಪ್ ಎರಡು ಡಜನ್. ಗಾಜಿನಂಗಡಿಯಲ್ಲಿ 6 ಮಿ.ಮೀ. ದಪ್ಪದ ಎರಡು ತುಂಡು ಕತ್ತರಿಸಿಕೊಳ್ಳಿ, ಕಿಟ್‌ನ ಬೆನ್ನೆಲುಬಿಗಿಂತ ಉದ್ದ ಇರಲಿ. ವಿದ್ಯುತ್ ಯಂತ್ರ ಯಾವುದೂ ಈಗ ಬೇಡ.

ಅಂಟಿಗೆ ಫೆವಿಕಾಲ್‌ನಂಥ ಬಿಳಿ ಅಂಟೇ ಮುಖ್ಯ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಹಾಗಾಗಿ ತಪ್ಪು ಜಾಗದಲ್ಲೂ ಬೇಗ ಹಿಡಿಯುತ್ತದೆ. ಮರದ ಮೇಲೆ ಚೆಲ್ಲಿದ ಕಡೆ ವಾರ್ನಿಷ್ ಇಳಿಯದೆ ಮಚ್ಚೆ ಉಳಿಯುತ್ತದೆ, ದಾರಕ್ಕೆ ಸೋಕಿದರೆ ಬಿಳಿಚಿ ಗರಿಗರಿಯಾಗಿ ಮುರಿಯುತ್ತದೆ. ಗಂಟುಗಳಿಗೆ ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಬ್ರಷ್‌ನ ತುದಿಯಲ್ಲಿ ಮುಟ್ಟಿಸಿದರೆ ಸಾಕು. ಬೇಡವಾದರೆ ನೀರು ಹಚ್ಚಿ ಬಿಡಿಸಲೂಬಹುದು.

ಪೆಟ್ಟಿಗೆ ಬಂದ ದಿನ

ಪ್ಯಾಕಿಂಗ್ ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮೊದಲು ಪ್ಲೈವುಡ್ಡಿನ ಬೆನ್ನೆಲುಬನ್ನು ಗಾಜಿನ ಮೇಲೆ ಮಲಗಿಸಿ ನೋಡಿ. ಎಲ್ಲೂ ಮೇಲೇಳದಿದ್ದರೆ ಸರಿ. ಒಂದೆರಡು ಮಿ.ಮೀ. ಎದ್ದಿದ್ದರೆ ಒಳಬಾಗಿದ ಬದಿಗೆ ಒದ್ದೆ ಬಟ್ಟೆ ಒರೆಸಿ, ಎರಡು ಗಾಜಿನ ನಡುವೆ ಇಟ್ಟು ಮೇಲೆ ಭಾರ ಹೇರಿ ಎರಡು ದಿನ ಬಿಡಿ. ಅದಕ್ಕೂ ಬಗ್ಗದಿದ್ದರೆ, ಅಥವಾ ಉದ್ದಕ್ಕೆ ತಿರುಚಿಕೊಂಡಿದ್ದರೆ, ಬದಲಿ ತುಂಡು ಕೇಳಿ. ತಿರುಚಿದ ಬೆನ್ನೆಲುಬಿನ ಮೇಲೆ ಕಟ್ಟಿದ ಹಡಗು ಎದುರಿನಿಂದ ನೋಡಿದಾಗ ಕುತ್ತಿಗೆ ಓರೆ ಮಾಡಿ ನಿಂತಂತೆ ಕಾಣುತ್ತದೆ, ಮುಂದಿನ ಯಾವ ಹೆಜ್ಜೆಯಲ್ಲೂ ಅದನ್ನು ತಿದ್ದಲಾಗುವುದಿಲ್ಲ.

ಆಮೇಲೆ ಅಡ್ಡ ತುಂಡುಗಳನ್ನು ಅಂಟಿಲ್ಲದೆ ಕೂರಿಸಿ ನೋಡಿ. ಬೆರಳಿನ ಒತ್ತಡಕ್ಕೆ ಇಳಿಯಬೇಕು. ಸುತ್ತಿಗೆ ಬೇಕಾದರೆ ಗಾಡಿಯನ್ನು ಅರದಿಂದ ತುಸು ಬಿಡಿಸಿ. ಲೇಸರ್ ಸುಟ್ಟ ಕಪ್ಪನ್ನು ಅಂಟು ತಾಗುವ ಕಡೆ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಅಂಟು ಮಸಿಗೆ ಹಿಡಿಯುತ್ತದೆ, ಮರಕ್ಕಲ್ಲ. ಪಟ್ಟಿಗಳನ್ನು ಎಣಿಸಿ: ಬೇಕಾದ್ದಕ್ಕಿಂತ ಹತ್ತಕ್ಕೊಂದರಷ್ಟು ಹೆಚ್ಚಿರಬೇಕು. ಒಂದನ್ನು ಬೆರಳುಗಳ ನಡುವೆ ಮೆಲ್ಲಗೆ ಬಾಗಿಸಿ ನೋಡಿ. ಎಳೆ ಓರೆಯಾಗಿರುವವು ಪಟ್ಟನೆ ತುಂಡಾಗುತ್ತವೆ, ಅಂಥವನ್ನು ನೇರ ಭಾಗಕ್ಕೆ ಎತ್ತಿಡಿ.

ತಕ್ಷಣ ಅಂಟಿಸಲು ಕೂರಬೇಡಿ. ಮಳೆಗಾಲದಲ್ಲಿ ತೇವ ಕುಡಿದ ಪಟ್ಟಿಯನ್ನು ಹಾಗೇ ಹೊದಿಸಿದರೆ ಫೆಬ್ರುವರಿ–ಮಾರ್ಚಿನ ಒಣಹವೆಯಲ್ಲಿ ಅದು ಕುಗ್ಗಿ ಸಂದು ಬಿಡುತ್ತದೆ. ಪಟ್ಟಿಗಳನ್ನು ಬಿಡಿಬಿಡಿಯಾಗಿ, ನೀವು ಕೆಲಸ ಮಾಡುವ ಕೋಣೆಯಲ್ಲೇ, ನೆಲಕ್ಕೆ ತಾಗದಂತೆ ಎರಡು ವಾರ ಮಲಗಿಸಿಡಿ. ಆ ಎರಡು ವಾರದಲ್ಲಿ ಲೋಹದ ತುಂಡುಗಳ ಅಂಚಿನ ಚೂರುಗಳನ್ನು ಅರದಿಂದ ತೆಗೆಯುವುದು, ರಾಟೆಗಳ ತೂತನ್ನು ಬಿಟ್‌ನಿಂದ ಬಿಡಿಸುವುದು, ಕೈಪಿಡಿಯನ್ನು ಇನ್ನೊಂದು ಸಲ ಓದುವುದು ಮುಗಿದಿರುತ್ತದೆ.